ಗೊತ್ತಿರುವ ಕಥೆಯನ್ನೇ ಅಪ್ಪ ಯಾಕೆ ಮತ್ತೆ ಮತ್ತೆ ನೋಡುತ್ತಾರೆ?

ಪ್ರಶ್ನೆ: ನಮ್ಮ ತಂದೆಗೆ ಈಗ 69. ನಿವೃತ್ತರಾದ ಮೇಲೆ ದಿನಾ ರಾತ್ರಿ ಊಟ ಮುಗಿಸಿ ಹಳೇ ಕೌಬಾಯ್ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗಂತೂ ಎಲ್ಲವೂ ಒಂದೇ ಥರ ಕಾಣುತ್ತವೆ. ಧೂಳು, ಕುದುರೆ, ಟೋಪಿ, ಕೊನೆಗೆ ಬೀದಿಯಲ್ಲಿ ಗುಂಡು. ಅದರ ಮೇಲೆ ಅಲ್ಲಿನ ಮೂಲನಿವಾಸಿಗಳನ್ನು ರಾಕ್ಷಸರ ಹಾಗೆ ತೋರಿಸುತ್ತಾರೆ, ಅದು ನನಗೆ ಸಹಿಸಲು ಆಗುವುದಿಲ್ಲ. ಇದರಲ್ಲಿ ಅಪ್ಪ ಕಾಣುವುದಾದರೂ ಏನು? ಬರೀ ಹಳೇ ನೆನಪಾ? ನಾನೂ ಅವರ ಜೊತೆ ಕೂತು ನೋಡೋಣ ಅಂದರೆ ಯಾವುದರಿಂದ ಶುರು ಮಾಡಲಿ?
(ತುಮಕೂರಿನ ಓದುಗರೊಬ್ಬರು)

ಉತ್ತರ: ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವೆಲ್ಲ ಒಂದೇ ಥರ ಇವೆ ಅನ್ನುವ ನಿಮ್ಮ ಮಾತು ನಿಜ. ಊರಿಗೆ ಯಾರೋ ಒಬ್ಬ ಬರುತ್ತಾನೆ. ಊರಲ್ಲಿ ಒಬ್ಬ ದೊಡ್ಡ ಕುಳ ಎಲ್ಲರನ್ನೂ ಹಿಂಡುತ್ತಿರುತ್ತಾನೆ. ಬಂದವನಿಗೆ ಜಗಳ ಬೇಡ, ಆದರೆ ಜಗಳ ಅವನನ್ನು ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಕೊನೆ ಏನು ಅಂತ ಯಾರು ಬೇಕಾದರೂ ಹೇಳಬಹುದು.

ಆದರೆ ನಿಮ್ಮ ತುಮಕೂರು ಕಡೆ ಊರ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಅಲ್ಲಿ ದುರ್ಯೋಧನ ಬೀಳುತ್ತಾನೆ ಅಂತ ಗೊತ್ತಿಲ್ಲದವರು ಯಾರಾದರೂ ಇದ್ದಾರಾ? ಆದರೂ ಜನ ಕಂಬಳಿ ಹೊದ್ದು ಬೆಳಗಿನ ಜಾವದವರೆಗೂ ಕೂರುತ್ತಾರೆ. ಈ ಸಲದ ದುರ್ಯೋಧನ ಯಾರು, ಹೇಗೆ ರಂಗಕ್ಕೆ ಬರುತ್ತಾನೆ, ಕಂದಪದ್ಯಕ್ಕೆ ಹೇಗೆ ದನಿ ಎತ್ತುತ್ತಾನೆ, ಅದನ್ನು ನೋಡಬೇಕು. ಹೋದ ವರ್ಷದವನಿಗಿಂತ ವಾಸಿಯಾ, ಇಲ್ಲವಾ, ಅದನ್ನು ಬೆಳಗ್ಗೆ ಟೀ ಅಂಗಡಿಯಲ್ಲಿ ತೀರ್ಮಾನ ಮಾಡಬೇಕು. ಕಥೆ ಮೊದಲೇ ಗೊತ್ತಿರುವುದರಿಂದಲೇ ಇಷ್ಟೆಲ್ಲ ನೋಡಲು ಪುರಸೊತ್ತು ಸಿಗುತ್ತದೆ. ನಿಮ್ಮ ತಂದೆಯವರು ಮಾಡುತ್ತಿರುವುದೂ ಹೆಚ್ಚುಕಡಿಮೆ ಅದೇ.

ಹಾಗಂತ ಇಷ್ಟೇ ಹೇಳಿ ಮುಗಿಸಿದರೆ ಅರ್ಧ ಉತ್ತರ ಆಗುತ್ತದೆ. ಒಂದೇ ಥರದ ಸಿನಿಮಾಗಳು ಬೇರೆಯವೂ ಬೇಕಾದಷ್ಟು ಇವೆ. ಅವು ಹತ್ತು ವರ್ಷಕ್ಕೆ ಹಳಸುತ್ತವೆ, ಇವು ಹಳಸಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಈ ಸಿನಿಮಾಗಳು ಹೇಳುವ ಕಾಲ ಎಷ್ಟು ಚಿಕ್ಕದು ಗೊತ್ತಾ? ಅಮೆರಿಕದ ಅಂತರ್ಯುದ್ಧ ಮುಗಿದಿದ್ದು 1865ರಲ್ಲಿ. ಆಗ ಟೆಕ್ಸಾಸ್ ತುಂಬ ಉದ್ದ ಕೊಂಬಿನ ದನಗಳು ಹೇಳುವವರು ಕೇಳುವವರಿಲ್ಲದೆ ಬೆಳೆದಿದ್ದವು. ಅಲ್ಲಿ ನಾಲ್ಕು ಡಾಲರ್ ಬಾಳುವ ದನಕ್ಕೆ ಉತ್ತರದಲ್ಲಿ ಅದರ ಹತ್ತು ಪಟ್ಟು ಬೆಲೆ. ಹಾಗಾಗಿ ಸಾವಿರಾರು ದನಗಳ ಮಂದೆ ಕಟ್ಟಿಕೊಂಡು, ದಿನಕ್ಕೆ 15ರಿಂದ 25 ಕಿಲೋಮೀಟರ್ ನಡೆಸುತ್ತ, ತಿಂಗಳುಗಟ್ಟಲೆ ದಾರಿ ಸವೆಸಿ ಕ್ಯಾನ್ಸಾಸ್‌ನ ರೈಲು ನಿಲ್ದಾಣಗಳಿಗೆ ಮುಟ್ಟಿಸುವ ದಂಧೆ ಶುರುವಾಯಿತು. ಅದನ್ನು ಮಾಡಿದ ಕೂಲಿ ಹುಡುಗರೇ ಕೌಬಾಯ್‌ಗಳು. ದನಗಾಹಿಗಳು, ಅಷ್ಟೇ. ಆಮೇಲೆ 1874ರಲ್ಲಿ ಜೋಸೆಫ್ ಗ್ಲಿಡನ್ ಅನ್ನುವವನು ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು, ರೈಲು ಟೆಕ್ಸಾಸ್‌ಗೇ ಬಂತು, ದನ ಹೊಡೆದುಕೊಂಡು ಹೋಗುವ ಅಗತ್ಯವೇ ಮುಗಿಯಿತು. ಇನ್ನು ಹೊಸ ಗಡಿ ಅಂತ ಗೆರೆ ಎಳೆಯಲು ಜಾಗ ಉಳಿದಿಲ್ಲ ಅಂತ 1890ರ ಜನಗಣತಿಯವರೇ ಬರೆದುಬಿಟ್ಟರು. ಅಂದರೆ ಎಲ್ಲ ಸೇರಿ ಒಂದು 20-25 ವರ್ಷ. 1903ರಲ್ಲಿ ರೈಲು ದರೋಡೆಯ ಮೇಲೆ 12 ನಿಮಿಷದ ಒಂದು ಮೂಕಿ ಚಿತ್ರ ಬಂದಾಗಿನಿಂದ ಇವತ್ತಿನವರೆಗೆ 120 ವರ್ಷ ಆ ಪುಟ್ಟ ಕಾಲವನ್ನೇ ಹಿಂಡಿ ಹಿಂಡಿ ಸಿನಿಮಾ ತೆಗೆಯುತ್ತಿದ್ದಾರೆ.

ಅದರಲ್ಲಿ ನಿಜ ಎಷ್ಟು? ಕಡಿಮೆ. ಬಹಳ ಹೆಸರಾದ ಗುಂಡಿನ ಕಾಳಗ ಅರಿಜೋನಾದ ಟೂಂಬ್‌ಸ್ಟೋನ್‌ನಲ್ಲಿ 1881ರ ಅಕ್ಟೋಬರ್ 26ರಂದು ನಡೆದದ್ದು. ಅದು ಮುಗಿದದ್ದು ಸುಮಾರು 30 ಸೆಕೆಂಡಿನಲ್ಲಿ. ಸತ್ತವರು ಮೂವರು. ಜಗಳ ಹೊತ್ತಿಕೊಂಡಿದ್ದು ಯಾತಕ್ಕೆ ಗೊತ್ತಾ? ಊರೊಳಗೆ ಬಂದೂಕು ಇಟ್ಟುಕೊಂಡು ತಿರುಗಬಾರದು ಅನ್ನುವ ಕಟ್ಟಳೆ ಇತ್ತು, ಅದನ್ನು ಜಾರಿ ಮಾಡಲು ಹೋಗಿ! ಸಿನಿಮಾದಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲು ನೇತಾಡುತ್ತದೆ, ನಿಜವಾದ ಊರುಗಳಲ್ಲಿ ಬಂದವರು ಮೊದಲು ಪಿಸ್ತೂಲು ಒಪ್ಪಿಸಿ ಆಮೇಲೆ ಸಲೂನ್‌ಗೆ ಹೋಗಬೇಕಿತ್ತು. (ಸಲೂನ್ ಅಂದರೆ ಅಲ್ಲಿ ಹೆಂಡದಂಗಡಿ. ನಾನು ಚಿಕ್ಕವನಿದ್ದಾಗ ಇವರೆಲ್ಲ ಕ್ಷೌರದಂಗಡಿಯಲ್ಲಿ ಯಾಕೆ ಕುಡಿಯುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದೆ.)

ಇತಿಹಾಸ ಕಲಿಯಲು ಯಾರೂ ಇವನ್ನು ನೋಡುವುದಿಲ್ಲ ಬಿಡಿ. ನನ್ನ ಲೆಕ್ಕದಲ್ಲಿ ಇವು ಬಾಳಲು ಕಾರಣ, ಇವೆಲ್ಲ ಸುತ್ತಿ ಬಳಸಿ ಒಂದೇ ಒಂದು ಪ್ರಶ್ನೆ ಕೇಳುತ್ತವೆ. ಅದನ್ನು ನಮ್ಮ ಕಡೆಯ ಒಂದು ವಸ್ತು ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಊರುಗಳ ಹೊರಗೆ, ಕೆರೆ ಏರಿ ಮೇಲೆ, ದೇವಸ್ಥಾನದ ಪಕ್ಕ ವೀರಗಲ್ಲುಗಳಿರುತ್ತವೆ. ಅದರಲ್ಲಿ ಎಷ್ಟೋ ಕಲ್ಲುಗಳು ತುರುಗಾಳಗದವು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ, ಮೇಲಿನದರಲ್ಲಿ ಅವನು ಶಿವನ ಮುಂದೆ ಕೂತಿರುತ್ತಾನೆ. ದನ, ಕಳ್ಳರು, ಒಬ್ಬ ಗಟ್ಟಿಗ. ಕಥೆ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಕೊನೆಯಲ್ಲಿ. ನಮ್ಮವನು ಸಾಯುತ್ತಾನೆ, ಊರಿನವರು ಕಲ್ಲು ನಿಲ್ಲಿಸಿ, ಅವನ ಮನೆಯವರಿಗೆ ಒಂದಿಷ್ಟು ಹೊಲ ಬಿಟ್ಟುಕೊಟ್ಟು ಋಣ ತೀರಿಸಿಕೊಳ್ಳುತ್ತಾರೆ. ವೆಸ್ಟರ್ನ್ ಸಿನಿಮಾದಲ್ಲಿ, ಅಂದರೆ ಈ ಕೌಬಾಯ್ ಸಿನಿಮಾಗಳಲ್ಲಿ, ಅವನು ಸಾಯುವುದಿಲ್ಲ. ಬದುಕಿ ಉಳಿಯುತ್ತಾನೆ. ಕೊಲ್ಲುವುದು ಬಲ್ಲ ಈ ಮನುಷ್ಯ ಬೆಳಗ್ಗೆ ಎದ್ದು ಅದೇ ಬೀದಿಯಲ್ಲಿ ಓಡಾಡುತ್ತಾನೆ. ಈಗ ಶಾಲೆ ಬಂದಿದೆ, ಚರ್ಚ್ ಬಂದಿದೆ, ಹೆಂಗಸರು ಮಕ್ಕಳು ಇದ್ದಾರೆ. ಇವನನ್ನು ಏನು ಮಾಡುವುದು? ಊರಿಗೆ ಇವನು ಬೇಕಾಗಿತ್ತು, ಇನ್ನು ಬೇಡ. ಅದು ಅವನಿಗೂ ಗೊತ್ತು.

ಒಳ್ಳೆಯ ವೆಸ್ಟರ್ನ್‌ಗಳೆಲ್ಲ ಈ ಇಕ್ಕಟ್ಟಿನ ಸುತ್ತಲೇ ತಿರುಗುತ್ತವೆ. ಗುಂಡು ಹಾರಿಸುವುದು ಐದು ನಿಮಿಷ. ಉಳಿದ ಒಂದೂವರೆ ಗಂಟೆ ಇದೇ.

1953ರ ಶೇನ್ ತೆಗೆದುಕೊಳ್ಳಿ. ವ್ಯೋಮಿಂಗ್‌ನ ಹಿಮ ಹೊದ್ದ ಬೆಟ್ಟಗಳ ಕೆಳಗೆ ಸಣ್ಣ ರೈತರು ಬೇಲಿ ಹಾಕಿಕೊಂಡು ಹೊಲ ಮಾಡುತ್ತಿದ್ದಾರೆ. 1862ರ ಕಾಯ್ದೆಯ ಪ್ರಕಾರ ಒಬ್ಬ ಒಕ್ಕಲಿಗನಿಗೆ 160 ಎಕರೆ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ಅವನದೇ. ಮೊದಲಿನಿಂದ ದನ ಮೇಯಿಸಿಕೊಂಡಿದ್ದ ಮುದುಕ ಸಾಹುಕಾರನಿಗೆ ಇದು ಸೇರುವುದಿಲ್ಲ. ನಡುವೆ ಶೇನ್ ಅನ್ನುವ ಅಪರಿಚಿತ ಬರುತ್ತಾನೆ. ಈ ಸಿನಿಮಾವನ್ನು ನಾನು ಎಷ್ಟೋ ವರ್ಷಗಳಿಂದ ಹುಡುಗರಿಗೆ ಪಾಠದಲ್ಲಿ ತೋರಿಸುತ್ತಿದ್ದೇನೆ. ಶುರುವಿನಲ್ಲಿ ಎಲ್ಲರೂ ಮೊಬೈಲ್ ನೋಡುತ್ತಿರುತ್ತಾರೆ. ಅವರು ತಲೆ ಎತ್ತುವುದು ಗುಂಡಿನ ಸದ್ದಿಗೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಅಲ್ಲ, ಒಂದು ಮರದ ಬೊಡ್ಡೆಗೆ. ಮನೆ ಮುಂದೆ ರೈತನಿಗೆ ಎರಡು ವರ್ಷದಿಂದ ಕಾಟ ಕೊಡುತ್ತಿರುವ ದೊಡ್ಡ ಬೊಡ್ಡೆ ಇದೆ. ಒಂದು ಲೋಟ ನೀರು, ಒಂದು ಊಟ ಹಾಕಿದ್ದಕ್ಕೆ ಶೇನ್ ಬಾಯಲ್ಲಿ ಏನೂ ಹೇಳದೆ ಕೊಡಲಿ ತೆಗೆದುಕೊಂಡು ಬೊಡ್ಡೆ ಕಡಿಯಲು ನಿಲ್ಲುತ್ತಾನೆ. ರೈತನೂ ಬಂದು ಸೇರುತ್ತಾನೆ. ಇಬ್ಬರೂ ಬೆವರು ಸುರಿಸಿ ಕಡಿಯುತ್ತಾರೆ, ನೂಕುತ್ತಾರೆ, ಅದು ಮಗುಚಿಕೊಳ್ಳುತ್ತದೆ. ಅಷ್ಟೇ ದೃಶ್ಯ. ಕೆಲಸ ಮಾಡುವುದನ್ನು ಇಷ್ಟು ಪ್ರೀತಿಯಿಂದ ತೋರಿಸುವ ಸಿನಿಮಾ ಇವತ್ತು ಎಲ್ಲಿದೆ ಹೇಳಿ. ನಿಮ್ಮ ತಂದೆಯವರು ಹೊಲ ಮನೆ ಕಂಡು ಬೆಳೆದವರಾದರೆ ಇಲ್ಲಿ ಒಂದು ಸಲ ಅವರ ಮುಖ ನೋಡಿ.

ಅದೇ ಸಿನಿಮಾದ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಚಿತ್ರೀಕರಣ ಮಾಡಿದವನು. ಡಕೌ ನಾಜಿ ಶಿಬಿರದೊಳಗೆ ಕ್ಯಾಮೆರಾ ಹಿಡಿದುಕೊಂಡು ಹೋದವನು. ವಾಪಸ್ ಬಂದ ಮೇಲೆ ಗುಂಡು ಅಂದರೆ ಆಟದ ಸಾಮಾನಲ್ಲ ಅಂತ ತೋರಿಸಬೇಕು ಅಂತ ಅವನಿಗೆ ಹಟ. ಶೇನ್‌ನಲ್ಲಿ ಮೊದಲ ಸಾವು ಬರುವುದೇ ಅರ್ಧ ಸಿನಿಮಾ ದಾಟಿದ ಮೇಲೆ. ಕೆಸರು ತುಂಬಿದ ಬೀದಿ. ಬಾಡಿಗೆ ಕೊಲೆಗಾರನಾಗಿ ಜಾಕ್ ಪ್ಯಾಲೆನ್ಸ್ ಮೇಲೆ ಜಗಲಿಯಲ್ಲಿ ನಿಂತಿದ್ದಾನೆ, ಕೆಳಗೆ ಕೆಸರಿನಲ್ಲಿ ಒಬ್ಬ ಬಾಯಿಬಡುಕ ರೈತ. ಗುಂಡಿನ ಸದ್ದು ಫಿರಂಗಿಯಷ್ಟು ಜೋರು. ನಟನಿಗೆ ತಂತಿ ಕಟ್ಟಿ ಹಿಂದಕ್ಕೆ ಎಳೆದಿದ್ದಾರೆ, ಅವನು ಚೀಲ ಎಸೆದ ಹಾಗೆ ಹೋಗಿ ಬೀಳುತ್ತಾನೆ. ಅಲ್ಲಿಯವರೆಗೆ ಸಿನಿಮಾದಲ್ಲಿ ಜನ ಎದೆ ಹಿಡಿದುಕೊಂಡು ನಾಜೂಕಾಗಿ ಕುಸಿಯುತ್ತಿದ್ದರು.

ಇನ್ನೊಂದು ವಿಷಯ. ಆ ಮುದುಕ ಸಾಹುಕಾರನಿಗೂ ಒಂದು ಮಾತಾಡಲು ಅವಕಾಶ ಇದೆ. ಈ ಬಯಲನ್ನು ಪಳಗಿಸಿದವರು ನಾವು, ರಕ್ತ ಸುರಿಸಿದವರು ನಾವು, ನೀವು ಈಗ ಬಂದು ಬೇಲಿ ಹಾಕಿ ನೀರಿಗೆ ಅಡ್ಡ ನಿಂತರೆ ಹೇಗೆ ಅನ್ನುವ ಅರ್ಥದಲ್ಲಿ. ಕೇಳಿದರೆ ಹೌದಲ್ವಾ ಅನ್ನಿಸುತ್ತದೆ. ಖಳನ ಮಾತಿಗೂ ತೂಕ ಇರುವುದು ಒಳ್ಳೆಯ ವೆಸ್ಟರ್ನ್‌ನ ಗುರುತು. ದುರ್ಯೋಧನನಿಗೆ ಚೆನ್ನಾದ ಪದ್ಯ ಇಲ್ಲದ ಕುರುಕ್ಷೇತ್ರ ನಾಟಕವನ್ನು ಯಾರು ನೋಡುತ್ತಾರೆ?

ಈಗ ನನಗೆ ಬಹಳ ಇಷ್ಟವಾದ ಒಂದು ಜಗಳದ ಕಥೆ. 1952ರಲ್ಲಿ ಫ್ರೆಡ್ ಜಿನ್ನೆಮನ್ ಹೈ ನೂನ್ ತೆಗೆದ. ನಾಯಕ ಗ್ಯಾರಿ ಕೂಪರ್, ವಯಸ್ಸು ಐವತ್ತರ ಆಸುಪಾಸು, ಮುಖದ ತುಂಬ ಗೆರೆ. ಊರಿನ ಮಾರ್ಷಲ್, ಅಂದರೆ ಕಾನೂನು ಕಾಯುವವನು. ಬೆಳಗ್ಗೆ ಮದುವೆ ಆಗಿದೆ, ಬಿಲ್ಲೆ ಕಳಚಿಟ್ಟು ಹೆಂಡತಿ ಜೊತೆ ಊರು ಬಿಡುವುದರಲ್ಲಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತದೆ. ಅವನು ಜೈಲಿಗೆ ಕಳಿಸಿದ್ದ ಕೊಲೆಗಾರ ಬಿಡುಗಡೆಯಾಗಿ 12 ಗಂಟೆಯ ರೈಲಿನಲ್ಲಿ ಬರುತ್ತಿದ್ದಾನೆ, ಮೂವರು ಸಹಚರರು ಸ್ಟೇಷನ್‌ನಲ್ಲಿ ಕಾಯುತ್ತಿದ್ದಾರೆ. ಸಿನಿಮಾ 85 ನಿಮಿಷ, ಕಥೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು. ಗೋಡೆ ಗಡಿಯಾರಗಳು ಮತ್ತೆ ಮತ್ತೆ ಕಾಣುತ್ತವೆ. ಮಾರ್ಷಲ್ ಮನೆ ಮನೆಗೆ ಹೋಗಿ ಸಹಾಯ ಕೇಳುತ್ತಾನೆ. ಜಡ್ಜ್ ಗಂಟು ಮೂಟೆ ಕಟ್ಟುತ್ತಾನೆ. ಚರ್ಚಿನಲ್ಲಿ ಎಲ್ಲರೂ ಅವನನ್ನು ಹೊಗಳುತ್ತಾರೆ, ಆಮೇಲೆ ದಯವಿಟ್ಟು ಊರು ಬಿಟ್ಟು ಹೋಗು ಅನ್ನುತ್ತಾರೆ. ಒಬ್ಬ ಸ್ನೇಹಿತ ಮನೆಯೊಳಗೇ ಅಡಗಿ ಕೂತು, ನಾನಿಲ್ಲ ಅಂತ ಹೆಂಡತಿ ಬಾಯಲ್ಲಿ ಹೇಳಿಸುತ್ತಾನೆ. ಸಾಲ ಕೇಳಲು ಹೋದವರಿಗೆಲ್ಲ ಗೊತ್ತಿರುವ ದೃಶ್ಯ ಅದು.

ಇದನ್ನು ಬರೆದ ಕಾರ್ಲ್ ಫೋರ್‌ಮನ್‌ನನ್ನು ಚಿತ್ರೀಕರಣ ನಡೆಯುವಾಗಲೇ ಅಮೆರಿಕದ ಸಂಸತ್ತಿನ ಸಮಿತಿ ಕಮ್ಯುನಿಸ್ಟ್ ಅನುಮಾನದ ಮೇಲೆ ವಿಚಾರಣೆಗೆ ಕರೆಸಿತ್ತು. ಬೇರೆಯವರ ಹೆಸರು ಹೇಳಲು ಅವನು ಒಪ್ಪಲಿಲ್ಲ. ಹಾಲಿವುಡ್ ಬಾಗಿಲು ಮುಚ್ಚಿತು, ಅವನು ಇಂಗ್ಲೆಂಡಿಗೆ ಹೋದ. ಹಾಗಾಗಿ ಆ ಊರಿನ ಮುಚ್ಚಿದ ಬಾಗಿಲುಗಳು ಬರೀ ಕಥೆಯವಲ್ಲ. ವೆಸ್ಟರ್ನ್‌ಗಳ ದೊಡ್ಡ ನಾಯಕನಟ ಜಾನ್ ವೇಯ್ನ್‌ಗೆ ಈ ಸಿನಿಮಾ ಕಂಡರೆ ಮೈಯೆಲ್ಲ ಉರಿ, ಇದು ಅಮೆರಿಕಕ್ಕೆ ತಕ್ಕದ್ದಲ್ಲ ಅಂತ ಕೊನೆಯವರೆಗೂ ಬೈದ. ತಮಾಷೆ ಏನಂದರೆ, ಇದರ ನಟನೆಗೆ ಕೂಪರ್‌ಗೆ ಆಸ್ಕರ್ ಬಂದಾಗ ಅವನು ಊರಲ್ಲಿರಲಿಲ್ಲ, ಅವನ ಪರವಾಗಿ ವೇದಿಕೆಗೆ ಹೋಗಿ ಪ್ರಶಸ್ತಿ ಇಸಿದುಕೊಂಡವನು ಇದೇ ವೇಯ್ನ್!

ನಿರ್ದೇಶಕ ಹೊವಾರ್ಡ್ ಹಾಕ್ಸ್‌ಗೂ ಅದೇ ಕಿರಿಕಿರಿ. ಕೆಲಸ ಬಲ್ಲ ಶೆರೀಫ್ (ಇವನೂ ಮಾರ್ಷಲ್ ಹಾಗೆ ಕಾನೂನು ಕಾಯುವವನೇ) ಆದವನು ಕೆಲಸ ಗೊತ್ತಿಲ್ಲದವರ ಹತ್ತಿರ ಯಾಕೆ ಅಂಗಲಾಚಬೇಕು ಅಂತ ಅವನ ತಕರಾರು. ಬಾಯಲ್ಲಿ ವಾದ ಮಾಡುವುದು ಬಿಟ್ಟು 1959ರಲ್ಲಿ ವೇಯ್ನ್‌ನನ್ನೇ ಹಾಕಿಕೊಂಡು ರಿಯೋ ಬ್ರಾವೊ ತೆಗೆದ. ಇಲ್ಲಿ ಶೆರೀಫ್ ಸಹಾಯ ಬೇಡ ಅನ್ನುತ್ತಾನೆ. ಆದರೂ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಕುಡಿದು ಹಾಳಾದ ಒಬ್ಬ, ಕುಂಟುವ ವಟಗುಟ್ಟುವ ಮುದುಕ ಒಬ್ಬ, ಮೀಸೆ ಸರಿಯಾಗಿ ಚಿಗುರದ ಹುಡುಗ ಒಬ್ಬ, ಜೂಜಾಡುವ ಹೆಂಗಸು ಒಬ್ಬಳು. ಜೈಲಿನಲ್ಲಿ ಒಬ್ಬ ಕೈದಿ, ಹೊರಗೆ ಅವನನ್ನು ಬಿಡಿಸಲು ಕಾದಿರುವ ಅವನ ಶ್ರೀಮಂತ ಅಣ್ಣನ ಕಡೆಯವರು. ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾದಲ್ಲಿ ಜಾಸ್ತಿ ಹೊತ್ತು ಇವರೆಲ್ಲ ಕಾಯುತ್ತಾ ಕೂತಿರುತ್ತಾರೆ. ಕಾಫಿ ಕುಡಿಯುತ್ತಾರೆ, ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ, ಒಂದು ಸಲ ಜೈಲಿನೊಳಗೆ ಕೂತು ಹಾಡು ಬೇರೆ ಹೇಳುತ್ತಾರೆ. ಕಥೆಗೆ ಆ ಹಾಡು ಬೇಕೇ ಇಲ್ಲ. ಆದರೆ ಅದನ್ನು ಕಿತ್ತರೆ ಸಿನಿಮಾನೇ ಹೋಗುತ್ತದೆ.

ಎರಡರಲ್ಲಿ ಯಾರು ಸರಿ? ಕಷ್ಟ ಬಂದಾಗ ಊರು ಕೈಬಿಡುತ್ತದೆ ಅನ್ನುವುದು ಒಂದು. ಕರೆಯದಿದ್ದರೂ ನಾಲ್ಕು ಜನ ಬರುತ್ತಾರೆ, ಬಂದವರು ಊರು ಲೆಕ್ಕಕ್ಕಿಡದವರೇ ಆಗಿರುತ್ತಾರೆ ಅನ್ನುವುದು ಇನ್ನೊಂದು. ನನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ ಹೈ ನೂನ್ ದೊಡ್ಡದು ಅನ್ನಿಸಿತ್ತು. ಈಗ ರಿಯೋ ಬ್ರಾವೊ. ನಿಮ್ಮ ತಂದೆಯವರನ್ನೂ ಕೇಳಿ ನೋಡಿ, 69ರಲ್ಲಿ ಅವರು ಯಾವ ಕಡೆ ಅಂತ ನನಗೂ ಕುತೂಹಲ.

ಮೂಲನಿವಾಸಿಗಳ ವಿಷಯಕ್ಕೆ ಬರೋಣ. ಅದನ್ನು ನಾನು ಜಾರಿಸುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಎಷ್ಟೋ ವೆಸ್ಟರ್ನ್‌ಗಳಲ್ಲಿ ಅವರು ಗುಡ್ಡದ ಮೇಲೆ ಸಾಲಾಗಿ ನಿಂತು, ಕೂಗಿಕೊಂಡು ಇಳಿದು, ಗುಂಡು ತಿಂದು ಬೀಳಲಿಕ್ಕೆ ಮಾತ್ರ ಇದ್ದಾರೆ. ಜಮೀನು ಅವರದ್ದಾಗಿತ್ತು ಅನ್ನುವ ಮಾತೇ ಬರುವುದಿಲ್ಲ. ಹೆಸರಿರುವ ಪಾತ್ರ ಇದ್ದರೆ ಅದನ್ನು ಮಾಡುವವನು ಬಣ್ಣ ಬಳಿದುಕೊಂಡ ಬಿಳಿಯ. ಜಾನ್ ಫೋರ್ಡ್‌ನಂಥ ದೊಡ್ಡ ನಿರ್ದೇಶಕ ಅರಿಜೋನಾ-ಯೂಟಾ ಗಡಿಯಲ್ಲಿ, ನವಾಹೋ ಜನರ ನೆಲದಲ್ಲಿರುವ ಮಾನ್ಯುಮೆಂಟ್ ವ್ಯಾಲಿಯಲ್ಲಿ ಮತ್ತೆ ಮತ್ತೆ ಸಿನಿಮಾ ತೆಗೆದ. ಆ ನವಾಹೋಗಳೇ ಒಂದು ಸಿನಿಮಾದಲ್ಲಿ ಅಪಾಚಿಗಳಾದರು, ಇನ್ನೊಂದರಲ್ಲಿ ಕೊಮಾಂಚಿಗಳಾದರು. ಕೂಲಿ ಸಿಕ್ಕಿತು, ಹೆಸರು ಸಿಗಲಿಲ್ಲ. ಬರೀ ಅವರದ್ದೇ ಅಲ್ಲ. ನಿಜವಾದ ದನಗಾಹಿಗಳಲ್ಲಿ ಕರಿಯರೂ ಮೆಕ್ಸಿಕನ್ನರೂ ತುಂಬ ಜನ ಇದ್ದರು. ಲಾಸೊ, ರಾಂಚ್, ರೋಡಿಯೊ ಅನ್ನುವ ಮಾತುಗಳೆಲ್ಲ ಸ್ಪ್ಯಾನಿಷ್‌ನಿಂದ ಬಂದವು, ಯಾಕೆಂದರೆ ಆ ಕಸುಬನ್ನು ಬಿಳಿಯರಿಗೆ ಕಲಿಸಿದವರೇ ಮೆಕ್ಸಿಕನ್ ದನಗಾಹಿಗಳು. ತೆರೆಯ ಮೇಲೆ ಅವರೆಲ್ಲ ಎಲ್ಲಿ ಹೋದರು?

ಆದರೆ ಈ ಪಾಪವನ್ನು ಒಳಗಿನಿಂದಲೇ ಕೆದಕಿದ ಸಿನಿಮಾ ಒಂದಿದೆ, ಅದನ್ನು ತೆಗೆದವನೂ ಇದೇ ಫೋರ್ಡ್. 1956ರ ದಿ ಸರ್ಚರ್ಸ್. (ಕೊನೆ ಹೇಳಲಿದ್ದೇನೆ, ಬೇಡ ಅನ್ನುವವರು ಈ ಪ್ಯಾರಾ, ಮುಂದಿನ ಪ್ಯಾರಾ ಎರಡನ್ನೂ ಬಿಡಿ.) ಕಪ್ಪು ತೆರೆ. ಒಂದು ಬಾಗಿಲು ತೆರೆಯುತ್ತದೆ. ಒಳಗೆ ಕತ್ತಲೆ, ಹೊರಗೆ ಕಣ್ಣು ಕುಕ್ಕುವ ಕೆಂಪು ಬಯಲು, ದೂರದಿಂದ ಒಬ್ಬ ಕುದುರೆ ಮೇಲೆ ಬರುತ್ತಿದ್ದಾನೆ. ಜಾನ್ ವೇಯ್ನ್, ಯುದ್ಧ ಮುಗಿದು ಮೂರು ವರ್ಷ ಆದ ಮೇಲೆ ತಮ್ಮನ ಮನೆಗೆ ಬರುವ ಈಥನ್. ಕೊಮಾಂಚಿಗಳ ದಾಳಿಯಲ್ಲಿ ಆ ಮನೆ ನಾಶವಾಗುತ್ತದೆ, ಚಿಕ್ಕ ಹುಡುಗಿಯನ್ನು ಹೊತ್ತುಕೊಂಡು ಹೋಗುತ್ತಾರೆ. ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ಬಿಡಿಸಿಕೊಂಡು ಬರಲು ಅಂತ ನಾವು ಅಂದುಕೊಂಡಿರುತ್ತೇವೆ. ಹೋಗುತ್ತಾ ಹೋಗುತ್ತಾ ಗೊತ್ತಾಗುತ್ತದೆ, ಅವನು ಹುಡುಕುತ್ತಿರುವುದು ಅವಳನ್ನು ಕೊಲ್ಲಲು. ಅವರ ಜೊತೆ ಬೆಳೆದವಳು ಇನ್ನು ನಮ್ಮವಳಲ್ಲ ಅನ್ನುವ ವಿಷ ಅವನ ತಲೆಯಲ್ಲಿದೆ. ಮರ್ಯಾದೆ ಹೆಸರಿನಲ್ಲಿ ಮನೆ ಮಗಳನ್ನು ಕೊಲ್ಲುವವರ ಸುದ್ದಿ ಪೇಪರಿನಲ್ಲಿ ಓದುವ ನಮಗೆ ಈ ವಿಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿನಿಮಾ ಆ ದ್ವೇಷವನ್ನು ಅಮೆರಿಕದ ಅತಿ ದೊಡ್ಡ ನಾಯಕನಟನ ಮುಖದ ಮೇಲೆಯೇ ಇಟ್ಟು ತೋರಿಸಿತು. ಹಾಗಂತ ಇದೂ ಶುದ್ಧವಾಗಿಲ್ಲ. ಕೊಮಾಂಚಿ ಮುಖಂಡನ ಪಾತ್ರ ಮಾಡಿದವನು ಜರ್ಮನಿಯಲ್ಲಿ ಹುಟ್ಟಿದ ಬಿಳಿಯ ನಟ. ಈಥನ್ ಜೊತೆ ಹುಡುಕಲು ಹೋಗುವ ಮಾರ್ಟಿನ್ ಅನ್ನುವ ಹುಡುಗನ ಹಿಂದೆ ಬೀಳುವ ಒಬ್ಬ ಮೂಲನಿವಾಸಿ ಹೆಂಗಸನ್ನು ನಗೆಪಾಟಲು ಮಾಡಿರುವುದನ್ನು ನೋಡಿದರೆ ಈಗಲೂ ನನಗೆ ಮುಜುಗರ ಆಗುತ್ತದೆ.

ಕೊನೆಗೆ ಅವನು ಹುಡುಗಿಯನ್ನು ಹಿಡಿದು ಎತ್ತುತ್ತಾನೆ, ಕೊಲ್ಲುವುದಿಲ್ಲ, ನೆರೆಯವರ ಮನೆಗೆ ಕರೆದುಕೊಂಡು ಬರುತ್ತಾನೆ. ಎಲ್ಲರೂ ಒಬ್ಬೊಬ್ಬರಾಗಿ ಹೊಸಿಲು ದಾಟಿ ಒಳಗೆ ಬರುತ್ತಾರೆ. ಈಥನ್ ಹೊರಗೇ ನಿಲ್ಲುತ್ತಾನೆ. ಎಡಗೈಯಿಂದ ಬಲ ತೋಳನ್ನು ಹಿಡಿದುಕೊಳ್ಳುತ್ತಾನೆ. ಅದು ಮೂಕಿ ಕಾಲದ ವೆಸ್ಟರ್ನ್ ನಟ ಹ್ಯಾರಿ ಕೇರಿ ನಿಲ್ಲುತ್ತಿದ್ದ ರೀತಿ. ಕೇರಿ ಅಷ್ಟರಲ್ಲಿ ತೀರಿಹೋಗಿದ್ದರು, ಅವರ ಹೆಂಡತಿ ಆಲಿವ್ ಕೇರಿ ಇದೇ ಸಿನಿಮಾದಲ್ಲಿ ಆ ಮನೆಯ ಯಜಮಾನಿಯ ಪಾತ್ರ ಮಾಡಿದ್ದರು. ಆಮೇಲೆ ಅವನು ತಿರುಗಿ ಬಯಲಿನ ಕಡೆ ನಡೆಯುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಬಾ ಅಂತ ಯಾರೂ ಕರೆಯುವುದಿಲ್ಲ. ವೀರಗಲ್ಲಿನ ವಿಷಯ ಹೇಳಿದೆನಲ್ಲ, ಕಲ್ಲು ಸಿಗದವನು ಇವನು. ಈ ಒಂದು ಶಾಟ್‌ಗೋಸ್ಕರ ನಾನು ಈ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅಂದ ಹಾಗೆ ಕಥೆ ನಡೆಯುವುದು ಟೆಕ್ಸಾಸ್‌ನಲ್ಲಿ, ಆ ಕೆಂಪು ಬಂಡೆಗಳಿರುವುದು ನೂರಾರು ಕಿಲೋಮೀಟರ್ ಆಚೆ. ಫೋರ್ಡ್ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ.

ನಿಮ್ಮ ತಂದೆಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂದಿರಿ. ಅದೂ ಇದಕ್ಕೆ ಉತ್ತರವೇ. ಈ ಸಿನಿಮಾಗಳಲ್ಲಿ ಮಾತು ಕಡಿಮೆ. ಟೋಪಿ ಹೇಗೆ ಎಳೆದುಕೊಂಡ, ಕುದುರೆಯನ್ನು ಎಲ್ಲಿ ಕಟ್ಟಿದ, ಲೋಟವನ್ನು ಯಾವ ಕೈಯಲ್ಲಿ ಹಿಡಿದ, ಅದರಲ್ಲೇ ಕಥೆ ಗೊತ್ತಾಗುತ್ತದೆ. ನಮ್ಮ ಕಾಲದಲ್ಲಿ ಬೆಂಗಳೂರಿನ ಪ್ಲಾಜಾ, ರೆಕ್ಸ್‌ಗಳಲ್ಲಿ ಇಂಗ್ಲಿಷ್ ಸಿನಿಮಾ ಬರುತ್ತಿತ್ತು, ಈಗ ಎರಡೂ ಇಲ್ಲ. ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಮುಂದಿನ ಸಾಲಿನವರು ನಕ್ಕರೆ ನಾವೂ ನಗಬೇಕಿತ್ತು, ಕೌಬಾಯ್ ಸಿನಿಮಾದಲ್ಲಿ ಆ ಕಷ್ಟ ಇರಲಿಲ್ಲ. 1969ರ ಮೆಕೆನ್ನಾಸ್ ಗೋಲ್ಡ್ ಅಮೆರಿಕದಲ್ಲಿ ಅಷ್ಟೇನೂ ಓಡಲಿಲ್ಲ, ನಮ್ಮ ದೇಶದಲ್ಲಿ ಜನ ಮುಗಿಬಿದ್ದು ನೋಡಿದರು. ಒಳ್ಳೆಯ ವೆಸ್ಟರ್ನ್ ಅಂತ ನಾನು ಹೇಳುವುದಿಲ್ಲ. ನಿಮ್ಮ ತಂದೆಯವರ ಮುಂದೆ ಈ ಮಾತು ಹೇಳಬೇಡಿ, ಅಷ್ಟೇ. ಅದೇ ಹೊತ್ತಿಗೆ ನಮ್ಮವರೂ ಟೋಪಿ ಹಾಕಿಕೊಂಡರು. ತೆಲುಗಿನಲ್ಲಿ 1971ರಲ್ಲಿ ಕೃಷ್ಣ, ಕನ್ನಡದಲ್ಲಿ 1973ರಲ್ಲಿ ಕೌಬಾಯ್ ಕುಳ್ಳ ಆಗಿ ದ್ವಾರಕೀಶ್.

ಇನ್ನು ಶೋಲೆ. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ ಈ ಸಿನಿಮಾದ ರಾಮಗಢ ನಮ್ಮ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಹಾಕಿದ ಸೆಟ್ಟು. ಬೆಂಗಳೂರಿಗೆ ಹೋಗುವಾಗ ಬರುವಾಗ ಬಂಡೆ ನೋಡಿ ಗಬ್ಬರ್ ಅಂದುಕೊಳ್ಳದವರು ಕಡಿಮೆ. ಅಮೆರಿಕದ ವೆಸ್ಟರ್ನ್, ಅದರಿಂದ ಕಲಿತ ಜಪಾನಿನ ನಿರ್ದೇಶಕ ಕುರೊಸಾವಾ, ಅವನಿಂದ ಎತ್ತಿಕೊಂಡ ಇಟಲಿಯ ಸರ್ಜಿಯೊ ಲಿಯೋನೆ, ಎಲ್ಲರ ನೆರಳೂ ಆ ಬಂಡೆಗಳ ಮೇಲಿದೆ. ನನಗೆ ಮುಖ್ಯ ಅನ್ನಿಸುವುದು ಕೊನೆ. ಇಬ್ಬರು ಕಳ್ಳರು ಊರು ಕಾಯಲು ಬಂದರು. ಒಬ್ಬ ಸತ್ತ. ಉಳಿದವನು ಊರಲ್ಲಿ ನಿಲ್ಲಲಿಲ್ಲ, ರೈಲು ಹತ್ತಿದ. ಬಸಂತಿ ಅದೇ ಡಬ್ಬಿಯಲ್ಲಿ ಕೂತಿದ್ದಳು, ಆ ಕರುಣೆ ನಮ್ಮವರದ್ದು. ಮೊದಲು ತೆಗೆದ ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಿದ್ದ. ತುರ್ತು ಪರಿಸ್ಥಿತಿಯ ಕಾಲ, ಸೆನ್ಸಾರ್‌ನವರು ಒಪ್ಪಲಿಲ್ಲ. ಮಾಜಿ ಪೊಲೀಸ್ ಅಧಿಕಾರಿ ಕಾನೂನು ಕೈಗೆ ತೆಗೆದುಕೊಳ್ಳಬಾರದು ಅಂತ ಕೊನೆ ಗಳಿಗೆಯಲ್ಲಿ ಪೊಲೀಸರು ಬರುವ ಹಾಗೆ ಮಾಡಿಸಿದರು. ಬಂದೂಕು ಎಲ್ಲಿ ನಿಲ್ಲಬೇಕು, ಕಾನೂನು ಎಲ್ಲಿ ಶುರುವಾಗಬೇಕು ಅನ್ನುವ ವೆಸ್ಟರ್ನ್‌ನ ಹಳೇ ಜಗಳ ಇಲ್ಲಿ ತೆರೆಯಿಂದ ಇಳಿದು ಸೆನ್ಸಾರ್ ಆಫೀಸಿಗೇ ಹೋಗಿತ್ತು!

ಹಾಗಾದರೆ ಬರೀ ಹಳೇ ನೆನಪಾ ಅಂತ ಕೇಳಿದಿರಿ. ಸ್ವಲ್ಪ ಇರಬಹುದು, ತಪ್ಪೇನು? ಆದರೆ ಕೆಲಸದಿಂದ ನಿವೃತ್ತರಾದವರ ಕಣ್ಣಿನಿಂದ ಒಂದು ಸಲ ನೋಡಿ. ಇಷ್ಟು ವರ್ಷ ತಾನಿಲ್ಲದೆ ನಡೆಯದು ಅಂದುಕೊಂಡಿದ್ದ ಜಾಗ ತಾನಿಲ್ಲದೆ ಚೆನ್ನಾಗಿಯೇ ನಡೆಯುತ್ತಿದೆ. ಇದು ನನ್ನ ಊಹೆ, ನಾನೂ ಆ ವಯಸ್ಸಿಗೆ ಹತ್ತಿರ ಇರುವುದರಿಂದ ಹೇಳಿದೆ.

ಎಲ್ಲಿಂದ ಶುರು ಮಾಡುವುದು ಅಂದರೆ, ದಿ ಸರ್ಚರ್ಸ್‌ನಿಂದ ಬೇಡ. ಎಲ್ಲ ಪಟ್ಟಿಗಳಲ್ಲೂ ಅದೇ ಮೇಲಿರುತ್ತದೆ, ಆದರೆ ಅದು ಬಿಚ್ಚಿ ತೋರಿಸುವ ವಿಷ ಏನು ಅಂತ ತಿಳಿಯಲು ಮೊದಲು ನಾಲ್ಕು ಮಾಮೂಲಿ ವೆಸ್ಟರ್ನ್ ನೋಡಿರಬೇಕು. ಅದನ್ನು ಐದನೆಯದಾಗಿ ಇಟ್ಟುಕೊಳ್ಳಿ. ಶೇನ್ ಮತ್ತು ಹೈ ನೂನ್ ನಡುವೆ ಬರಲಿ. 1957ರ ತ್ರೀ ಟೆನ್ ಟು ಯೂಮಾ ಸಿಕ್ಕರೆ ಬಿಡಬೇಡಿ. ಬರ ಬಂದು ದನ ಸಾಯುತ್ತಿರುವ ಒಬ್ಬ ರೈತ, 200 ಡಾಲರ್ ಕೂಲಿಗೆ, ಕೈದಿಯನ್ನು ರೈಲು ಹತ್ತಿಸುವ ಕೆಲಸ ಒಪ್ಪಿಕೊಳ್ಳುತ್ತಾನೆ. ಅರ್ಧ ಸಿನಿಮಾ ಒಂದು ಹೋಟೆಲ್ ರೂಮಿನಲ್ಲಿ ಆ ಇಬ್ಬರ ಮಾತು. 2007ರಲ್ಲಿ ಮತ್ತೆ ತೆಗೆದದ್ದಕ್ಕಿಂತ ಹಳೆಯದೇ ವಾಸಿ.

ಮೊದಲನೆಯದು ಮಾತ್ರ ರಿಯೋ ಬ್ರಾವೊ. ಭಾನುವಾರ ಮಧ್ಯಾಹ್ನ ಹಾಕಿ, ಅಪ್ಪನ ಪಕ್ಕ ಕೂರಿ. ಸಬ್‌ಟೈಟಲ್ ಹುಡುಕಬೇಡಿ, ಮೊದಲ ಮೂರ್ನಾಲ್ಕು ನಿಮಿಷ ಒಂದು ಮಾತೂ ಇಲ್ಲ. ಒಬ್ಬ ಕುಡುಕ ಹಿಂದಿನ ಬಾಗಿಲಿನಿಂದ ಸಲೂನ್ ಒಳಗೆ ಬರುತ್ತಾನೆ. ಇನ್ನೊಬ್ಬ ಒಂದು ನಾಣ್ಯವನ್ನು ಬೇಕಂತಲೇ ಉಗುಳುವ ಪಾತ್ರೆಯೊಳಗೆ ಎಸೆಯುತ್ತಾನೆ. ಕುಡುಕ ಕೈ ಹಾಕಲು ಬಗ್ಗುತ್ತಾನೆ. ಅಷ್ಟರಲ್ಲಿ ಒಂದು ಬೂಟು ಬಂದು ಪಾತ್ರೆಯನ್ನು ಒದೆಯುತ್ತದೆ. ಆ ಬೂಟು ಯಾರದ್ದು ಅಂತ ಅಪ್ಪ ಹೇಳುತ್ತಾರೆ.